ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಬೇರೆ ಮನೆಗೆ ಸಾಗಿಸ್ತಿದ್ದೀರಾ? ಮೊದ್ಲು ಆ ಬೋಲ್ಟ್ ಹುಡುಕಿ

ಮನೆ ಖಾಲಿ ಮಾಡೋವಾಗ ಟಿವಿಗೆ ಎರಡೆರಡು ಕಂಬಳಿ ಸುತ್ತುತೀವಿ, ಗಾಜಿನ ಲೋಟಕ್ಕೆಲ್ಲ ಪೇಪರ್ ಸುತ್ತುತೀವಿ, ವಾಷಿಂಗ್ ಮಷೀನ್ ಮಾತ್ರ "ಅದು ಗಟ್ಟಿ ಡಬ್ಬ, ಅದಕ್ಕೇನಾಗತ್ತೆ" ಅಂತ ಹಾಗೇ ಎತ್ತಿ ಗಾಡಿಗೆ ಹಾಕ್ಬಿಡ್ತೀವಿ. ನಾನೂ ಮೊದಲ್ನೇ ಸಲ ಹಾಗೇ ಮಾಡಿದ್ದು. ಹೊಸ ಮನೇಲಿ ಬಟ್ಟೆ ಹಾಕಿ ಸ್ಪಿನ್‌ಗೆ ಬಂತು ನೋಡಿ, ಒಳಗಿಂದ ಯಾರೋ ಸುತ್ತಿಗೆ ತಗೊಂಡು ಬಡಿದ ಹಾಗೆ ಧಡ್ ಧಡ್ ಅಂತ ಶಬ್ದ, ಮಷೀನ್ ಜಾಗ ಬಿಟ್ಟು ಒಂದು ಅಡಿ ಮುಂದೆ ಬಂದಿತ್ತು. ರಿಪೇರಿಯವರು ಮೇಲಿನ ಮುಚ್ಚಳ ತೆಗೆದು ನೋಡಿದ್ರೆ ಒಂದು ಸ್ಪ್ರಿಂಗ್ ಕೊಕ್ಕೆಯಿಂದ ಕಳಚಿಕೊಂಡಿದೆ, ಟಬ್ಬು ಒಂದ್ಕಡೆ ವಾಲಿಕೊಂಡು ನೇತಾಡ್ತಿದೆ.

ಅವತ್ತು ಗೊತ್ತಾಗಿದ್ದು ಏನಂದ್ರೆ ಈ ಮಷೀನ್ ಹೊರಗಿಂದ ಡಬ್ಬ, ಒಳಗಿಂದ ತೊಟ್ಟಿಲು. ಡ್ರಮ್ಮು, ಅದನ್ನ ಸುತ್ತಿಕೊಂಡಿರೋ ಟಬ್ಬು, ಮೋಟರ್ರು, ಜೊತೆಗೆ ಅಲುಗಾಡಬಾರದು ಅಂತ ಕಟ್ಟಿರೋ ಕಾಂಕ್ರೀಟ್ ತೂಕದ ಕಲ್ಲು, ಇಷ್ಟೂ ಮೇಲ್ಗಡೆ ಸ್ಪ್ರಿಂಗಿಗೆ ನೇತಾಡ್ತಿರತ್ತೆ, ಕೆಳಗಡೆ ಶಾಕ್ ಅಬ್ಸಾರ್ಬರ್ ಹಿಡ್ಕೊಂಡಿರತ್ತೆ. ಒಗೆಯೋವಾಗ ಆ ತೂಗಾಟ ಬೇಕೇ ಬೇಕು. ಗಾಡೀಲಿ ಹೋಗೋವಾಗ ಮಾತ್ರ ಪ್ರತಿ ಗುಂಡಿಗೂ ಆ ತೂಕವೆಲ್ಲ ಅತ್ತಿಂದಿತ್ತ ಗುದ್ದುತ್ತಾ ಹೋಗತ್ತೆ, ಸ್ಪ್ರಿಂಗ್ ಕಳಚತ್ತೆ, ಶಾಕ್ ಅಬ್ಸಾರ್ಬರ್ ಮುರಿಯತ್ತೆ, ನಸೀಬು ಕೆಟ್ಟಿದ್ರೆ ಟಬ್ಬೇ ಬಿರುಕು ಬಿಡತ್ತೆ.

ಇದನ್ನ ತಡೆಯೋಕೇ ಟ್ರಾನ್ಸಿಟ್ ಬೋಲ್ಟ್ ಅಂತ ಇರೋದು. ಹೊಸ ಮಷೀನ್ ಬಂದಾಗ ಹಿಂದುಗಡೆ ಮೂರೋ ನಾಲ್ಕೋ ಉದ್ದದ ಬೋಲ್ಟ್ ಇರತ್ತಲ್ಲ, ಫಿಟ್ ಮಾಡೋಕೆ ಬಂದವರು ಬಿಚ್ಚಿ ಕೈಗೆ ಕೊಟ್ಟು ಇಟ್ಕೊಂಡಿರಿ ಅಂತಾರಲ್ಲ, ಅದೇ. ಅವನ್ನ ಎಲ್ಲಿಟ್ರಿ ಅಂತ ಈಗ್ಲೇ ಹುಡುಕಿ, ಶಿಫ್ಟಿಂಗ್ ಹಿಂದಿನ ರಾತ್ರಿ ಅಲ್ಲ. ಸಿಗ್ಲಿಲ್ಲ ಅಂದ್ರೆ ಮಾಡೆಲ್ ನಂಬರ್ ಹೇಳಿ ಕಂಪನಿ ಸರ್ವಿಸ್‌ನವರ ಹತ್ರ ಕೇಳಿ, ತರಿಸೋಕೆ ಟೈಮ್ ಬೇಕಾಗತ್ತೆ, ಅದಕ್ಕೇ ಒಂದೆರಡು ವಾರ ಮುಂಚೆನೇ ಹುಡುಕಿ ಅನ್ನೋದು. ಹಾರ್ಡ್‌ವೇರ್ ಅಂಗಡೀಲಿ ಸಿಕ್ಕ ಯಾವುದೋ ಬೋಲ್ಟ್ ತಂದು ತುರುಕಬೇಡಿ, ಉದ್ದ ಸರಿ ಇರಲ್ಲ, ಥ್ರೆಡ್ ಹಾಳಾಗಿ ಹೋಗತ್ತೆ.

ಬೋಲ್ಟ್ ಸಿಗಲೇ ಇಲ್ಲ, ನಾಳೆನೇ ಹೋಗ್ಬೇಕು ಅಂದ್ರೆ? ಕೆಲವರು ಡ್ರಮ್ ಒಳಗೆ ದಿಂಬು, ಬೆಡ್‌ಶೀಟ್ ತುಂಬಿಸ್ತಾರೆ. ಅದ್ರಿಂದ ಅಂಥ ಉಪಯೋಗ ಇಲ್ಲ ಅಂತ ನನ್ನ ಲೆಕ್ಕ, ಯಾಕಂದ್ರೆ ಅಲ್ಲಾಡೋದು ಡ್ರಮ್ ಒಂದೇ ಅಲ್ಲ, ಟಬ್ ಸಮೇತ ಅಲ್ಲಾಡತ್ತೆ, ತೊಟ್ಟಿಲು ತೂಗಬಾರದು ಅಂತ ತೊಟ್ಟಿಲೊಳಗೆ ಬಟ್ಟೆ ತುಂಬಿದ್ರೆ ತೂಗೋದು ನಿಲ್ಲತ್ತಾ? ತುಂಬಬೇಕಿರೋದು ಟಬ್ಬಿಗೂ ಹೊರಗಿನ ಬಾಡಿಗೂ ನಡುವಿನ ಸಂದೀಲಿ. ಪ್ಲಗ್ ತೆಗೆದ್ಮೇಲೆ ಹಿಂದಿನ ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ತೆಗೀರಿ, ಹೆಚ್ಚಿನ ಮಷೀನ್‌ಗಳಲ್ಲಿ ಎರಡೇ ಸ್ಕ್ರೂ ಇರೋದು, ನಾಲ್ಕೂ ಕಡೆ ದಪ್ಪ ಫೋಮ್ ಅಥವಾ ಥರ್ಮಕೋಲ್ ಬಿಗಿಯಾಗಿ ಇಳಿಸಿ, ವೈರು ಪೈಪು ಎಳೆಯದ ಹಾಗೆ. ಇದು ಬೋಲ್ಟಿಗೆ ಸಮ ಅಲ್ಲ, ಊರೊಳಗೇ ಹತ್ತಿರದ ಮನೆಗೆ ನಿಧಾನಕ್ಕೆ ಹೋಗೋದಾದ್ರೆ ಓಕೆ, ದೂರದ ಪ್ರಯಾಣ ಆದ್ರೆ ನಾನಂತೂ ಬೋಲ್ಟ್ ಇಲ್ದೆ ಕಳಿಸಲ್ಲ. ಮತ್ತೆ ಎಷ್ಟು ತುಂಡು ಹಾಕಿದ್ರಿ ಅಂತ ಎಣಿಸಿ ಬರೆದಿಟ್ಕೊಳ್ಳಿ, ಅಲ್ಲಿ ಹೋದ್ಮೇಲೆ ಅಷ್ಟೂ ಹೊರಗೆ ಬರ್ಬೇಕು.

ಇನ್ನು ನೀರು. ಹೊರಡೋ ಹಿಂದಿನ ದಿನ ಬಟ್ಟೆ ಒಗೆಯೋದು ನಿಲ್ಲಿಸಿ, ಬಾಗಿಲು ತೆಗೆದಿಟ್ಟು ಒಣಗೋಕೆ ಬಿಡಿ. ಆಮೇಲೆ ನಲ್ಲಿ ಬಂದ್ ಮಾಡಿ ಒಂದು ಪ್ರೋಗ್ರಾಮ್ ಸುಮ್ನೆ ಕೆಲವು ಸೆಕೆಂಡ್ ಶುರು ಮಾಡಿ ಆಫ್ ಮಾಡಿ, ಇನ್ಲೆಟ್ ಪೈಪಲ್ಲಿ ನಿಂತಿರೋ ಪ್ರೆಶರ್ ಇಳಿಯತ್ತೆ, ಇಲ್ಲಾಂದ್ರೆ ಪೈಪ್ ಬಿಚ್ಚಿದ ತಕ್ಷಣ ಮುಖಕ್ಕೇ ಚಿಮ್ಮತ್ತೆ. ಪ್ಲಗ್ ತೆಗೀರಿ. ಪೈಪ್ ಬಿಚ್ಚೋವಾಗ ಕೆಳಗೆ ಬಕೆಟ್ ಇರಲಿ.

ಇಷ್ಟಾದ್ರೂ ಒಳಗೆ ನೀರು ಇದ್ದೇ ಇರತ್ತೆ, ಪಂಪ್ ಹತ್ರ. ಮುಂದೆ ಕೆಳಗಡೆ ಮೂಲೇಲಿ ಒಂದು ಚಿಕ್ಕ ಮುಚ್ಚಳ ಇದ್ಯಲ್ಲ, ಅದರ ಹಿಂದೆ ಫಿಲ್ಟರ್ ಇದೆ, ಕೆಲವು ಮಾಡೆಲ್‌ಗಳಲ್ಲಿ ಪಕ್ಕದಲ್ಲೇ ಸಣ್ಣ ರಬ್ಬರ್ ಪೈಪೂ ಇರತ್ತೆ. ಅಗಲವಾದ ತಟ್ಟೆ, ಹಳೇ ಟವೆಲ್ ಇಟ್ಟು, ಫಿಲ್ಟರನ್ನ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಒಂದೇ ಸಲ ಬಿಚ್ಚಿದ್ರೆ ನೆಲವೆಲ್ಲ ನೀರು. ಒಂದೆರಡು ಲೀಟರ್ ಬಂದ್ರೂ ಗಾಬರಿ ಬೇಡ. ಈ ಕೆಲಸದಲ್ಲಿ ನನಗೆ ಎರಡು ನಾಣ್ಯ, ಒಂದು ಹೇರ್‌ಪಿನ್ನು, ಒಂದು ಮಗುವಿನ ಕಾಲುಚೀಲ ಸಿಕ್ಕಿದೆ. ಫಿಲ್ಟರ್ ತೊಳೆದು ವಾಪಸ್ ಬಿಗಿಯಾಗಿ ತಿರುಗಿಸಿ, ಮರೆತ್ರೆ ಹೊಸ ಮನೇಲಿ ಮೊದಲ ವಾಶ್‌ಗೇ ಪ್ರವಾಹ.

ಪೌಡರ್ ಹಾಕೋ ಡ್ರಾಯರ್ ಎಳೆದು ತೆಗೆದು ಬೇರೆ ಪ್ಯಾಕ್ ಮಾಡಿ. ವೈರು, ಪೈಪು ನೇತಾಡಬಾರದು, ಹಿಂದೆ ಕಟ್ಟಿ.

ಈಗ ಬೋಲ್ಟ್ ಹಾಕಿ. ಹಿಂದಿನ ಪ್ಲಾಸ್ಟಿಕ್ ಮುಚ್ಚಳಗಳನ್ನ ಕಿತ್ತು ಆ ತೂತಲ್ಲೇ ಬೋಲ್ಟ್ ಇಳಿಸಬೇಕು. ಒಬ್ರೇ ಇದ್ರೆ ಒದ್ದಾಟ ಆಗತ್ತೆ, ಯಾಕಂದ್ರೆ ಟಬ್ ನೇತಾಡ್ತಾ ಇರೋದ್ರಿಂದ ತೂತಿಗೆ ತೂತು ಕೂಡಲ್ಲ. ಒಬ್ರು ಮುಂದಿಂದ ಡ್ರಮ್ ಒಳಗೆ ಕೈ ಹಾಕಿ ಸ್ವಲ್ಪ ಎತ್ತಿ, ಆ ಕಡೆ ಈ ಕಡೆ ಅಲ್ಲಾಡಿಸ್ತಾ ಇರಲಿ, ಇನ್ನೊಬ್ರು ಹಿಂದೆ ಕೈಯಲ್ಲೇ ತಿರುಗಿಸಿ ಕೂರಿಸಲಿ, ಎಲ್ಲಾ ಕೂತ್ಮೇಲೆ ಸ್ಪ್ಯಾನರ್ ಹಾಕಿ ಟೈಟ್ ಮಾಡಿ. ಕೊನೇಗೆ ಡ್ರಮ್ ತಳ್ಳಿ ನೋಡಿದ್ರೆ ಅದೂ ಬಾಡಿಯೂ ಒಟ್ಟಿಗೇ ಅಲುಗಬೇಕು. ಕಿತ್ತ ಪ್ಲಾಸ್ಟಿಕ್ ಮುಚ್ಚಳ ಒಂದು ಕವರಿಗೆ ಹಾಕಿ ಡ್ರಮ್ ಒಳಗೇ ಇಡಿ, ಆಮೇಲೆ ಬಾಗಿಲಿಗೆ ಟೇಪ್ ಹಾಕಿ.

ಎತ್ತೋದು ಇಬ್ರಿಗಿಂತ ಕಮ್ಮಿ ಜನ ಮಾಡೋ ಕೆಲಸ ಅಲ್ಲ. ಸಾಮಾನ್ಯವಾಗಿ 60ರಿಂದ 80 ಕೆಜಿ ತೂಗತ್ತೆ, ಅದೂ ಕಲ್ಲಿನ ತೂಕ ಒಳಗಡೆ ಇರೋದ್ರಿಂದ ಯಾವ ಕಡೆ ವಾಲತ್ತೆ ಅಂತ ಮೊದ್ಲೇ ಗೊತ್ತಾಗಲ್ಲ. ಬಾಗಿಲು, ಮೇಲಿನ ಹಲಗೆ, ಬಟನ್ ಇರೋ ಪ್ಯಾನೆಲ್, ಇವನ್ನ ಹಿಡಿದು ಎತ್ತಲೇಬಾರದು, ಕೈ ತಳಕ್ಕೆ ಹೋಗ್ಬೇಕು. ಟ್ರಾಲಿ ಇದ್ರೆ ಬೆಲ್ಟ್ ಹಾಕಿ ಕಟ್ಟಿ. ಮೆಟ್ಟಿಲಿದ್ರೆ ಭಾರ ಕೆಳಗಿರೋವ್ರ ಮೇಲೇ ಬೀಳೋದು, ಅಲ್ಲಿ ಗಟ್ಟಿಗರು ನಿಲ್ಲಲಿ. ಹೊಸ ಮನೆ ಬಾಗಿಲು, ತಿರುವು ಮುಂಚೆನೇ ಅಳೆದಿಡಿ, ಮಷೀನ್ ಅಗಲ ಸಾಮಾನ್ಯವಾಗಿ 60 ಸೆಂ.ಮೀ. ಇದ್ರೂ ಹಿಡ್ಕೊಂಡಿರೋ ಕೈಗಳಿಗೂ ಜಾಗ ಬೇಕಲ್ಲ.

ಗಾಡೀಲಿ ನೆಟ್ಟಗೆ ನಿಲ್ಲಿಸಿ, ಗೋಡೆಗೆ ಒರಗಿಸಿ ಹಗ್ಗದಲ್ಲಿ ಕಟ್ಟಿ. ಮಲಗಿಸಬೇಡಿ, ಎಷ್ಟೇ ಖಾಲಿ ಮಾಡಿದ್ರೂ ಮೂಲೇಲಿ ಉಳಿದ ನೀರು ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಕಡೆ, ಮೋಟರ್ ಕಡೆ ಹರೀಬಹುದು. ಮಲಗಿಸದೆ ಬೇರೆ ದಾರಿನೇ ಇಲ್ಲ ಅಂದ್ರೆ ಯಾವ ಪಕ್ಕಕ್ಕೆ ಅಂತ ನಿಮ್ಮ ಮಾಡೆಲ್ ಮ್ಯಾನ್ಯುವಲ್ ನೋಡಿ, ಇಳಿಸಿದ್ಮೇಲೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಆನ್ ಮಾಡಿ.

ಹೊಸ ಮನೇಲಿ ಎಲ್ಲಕ್ಕಿಂತ ಮೊದ್ಲು ಬೋಲ್ಟ್ ಬಿಚ್ಚಿ. ಸುಸ್ತಾಗಿರ್ತೀವಿ, ಕೊಳೆ ಬಟ್ಟೆ ಗುಡ್ಡೆ ಬಿದ್ದಿರತ್ತೆ, ಪೈಪ್ ಹಾಕಿದ ಕೂಡ್ಲೇ ಸ್ಟಾರ್ಟ್ ಒತ್ತಬೇಕು ಅನ್ಸತ್ತೆ. ಬೋಲ್ಟ್ ಇದ್ದಾಗ ಸ್ಪಿನ್ ಮಾಡಿದ್ರೆ ಮಷೀನ್ ಕುಣಿಯತ್ತೆ, ಬೋಲ್ಟ್ ಹಾಕದೆ ತಂದಿದ್ದಕ್ಕಿಂತ ಜಾಸ್ತಿ ಹಾಳಾಗಬಹುದು. ನಾನು ಪ್ಲಗ್ಗಿಗೇ ಒಂದು ಚೀಟಿ ಅಂಟಿಸ್ತೀನಿ, "ಬೋಲ್ಟ್ ಬಿಚ್ಚು" ಅಂತ.

ಆಮೇಲೆ ಲೆವೆಲ್. ಕರ್ಣಕ್ಕೆ ಎದುರುಬದುರು ಮೂಲೆ ಒತ್ತಿ ನೋಡಿ, ಟಕ್ ಟಕ್ ಅಂದ್ರೆ ಯಾವುದೋ ಕಾಲು ನೆಲ ಮುಟ್ತಿಲ್ಲ. ಕಾಲು ತಿರುಗಿಸಿ ಸರಿ ಮಾಡಿ, ಲಾಕ್ ನಟ್ ಟೈಟ್ ಮಾಡೋದು ಮರೀಬೇಡಿ, ಅದು ಸಡಿಲ ಇದ್ರೆ ವಾರದಲ್ಲಿ ಮತ್ತೆ ಶುರು. ಚಕ್ರದ ಸ್ಟ್ಯಾಂಡ್ ಮೇಲೆ ಇಡೋದು ನನಗೆ ಇಷ್ಟ ಇಲ್ಲ, ಅದು ಅಲ್ಲಾಟಕ್ಕೆ ಆಹ್ವಾನ ಕೊಟ್ಟ ಹಾಗೆ.

ಇನ್ಲೆಟ್ ಪೈಪಿನ ರಬ್ಬರ್ ವಾಷರ್ ಚಪ್ಪಟೆಯಾಗಿದ್ರೆ ಹೊಸದು ಹಾಕಿ, ಜಾಲರಿ ತೊಳೀರಿ. ಡ್ರೈನ್ ಪೈಪ್ ತುದಿ ನೆಲದ ಮೇಲೆ ಬಿಡಬೇಡಿ, ಮ್ಯಾನ್ಯುವಲ್‌ನಲ್ಲಿ ಹೇಳಿದಷ್ಟು ಎತ್ತರಕ್ಕೆ ಕೊಕ್ಕೆ ಹಾಕಿ, ಇಲ್ಲಾಂದ್ರೆ ಒಳಗೆ ತುಂಬಿದ ನೀರು ತಾನಾಗೇ ಹರಿದು ಹೋಗ್ತಾ ಇರತ್ತೆ, ಮಷೀನ್ ಸುಮ್ನೆ ತುಂಬಿಸ್ತಾನೇ ಇರತ್ತೆ. ಅರ್ಥಿಂಗ್ ಇರೋ ಸಾಕೆಟ್‌ಗೇ ನೇರ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ.

ಮೊದಲ ಸಲ ಬಟ್ಟೆ ಹಾಕದೆ ಸಣ್ಣ ಪ್ರೋಗ್ರಾಮ್ ಓಡಿಸಿ, ಪಕ್ಕದಲ್ಲೇ ಇರಿ, ನಲ್ಲಿ ಹತ್ರ, ಫಿಲ್ಟರ್ ಹತ್ರ ಒಣ ಬಟ್ಟೆ ಒತ್ತಿ ನೋಡಿ ಒದ್ದೆ ಆಗತ್ತಾ ಅಂತ. ಬೋಲ್ಟ್‌ಗಳನ್ನ ಕವರಿಗೆ ಹಾಕಿ ಮಷೀನ್ ಹಿಂಭಾಗಕ್ಕೇ ಟೇಪ್ ಹೊಡೀರಿ, ಮನೇಲಿ ಯಾವುದೋ ಡ್ರಾಯರಿಗೆ ಹಾಕಿಟ್ರೆ ಮುಂದಿನ ಸಲ ಮತ್ತೆ ಹುಡುಕಾಟನೇ.