ಮೀನು ತರುವ ಮೊದಲು ಅಕ್ವೇರಿಯಂ ಹದಗೊಳಿಸುವುದು ಹೇಗೆ?

ಹೊಸ ತೊಟ್ಟಿ ತಂದ ದಿನವೇ ಮೀನು ಬಿಟ್ಟು, ಕೆಲವೇ ದಿನಗಳಲ್ಲಿ ಅವನ್ನು ಒಂದೊಂದಾಗಿ ಕಳೆದುಕೊಳ್ಳುವವರನ್ನು ನೋಡುತ್ತಲೇ ಇರುತ್ತೇನೆ. ರೋಗವೆಂದು ತಿಳಿದು ಔಷಧ ಸುರಿಯುತ್ತಾರೆ. ಬಹಳ ಸಲ ಅದು ರೋಗವಲ್ಲ, ನೀರಿನಲ್ಲಿ ಸೇರಿದ ವಿಷ. ಮೀನು ಕಿವಿರುಗಳ ಮೂಲಕ ಸದಾ ಅಮೋನಿಯ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗ ಅದು ಇನ್ನಷ್ಟು ಹೆಚ್ಚುತ್ತದೆ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ಸಾಕಷ್ಟು ಇರುವುದಿಲ್ಲ. ಮೊದಲು ಅವನ್ನು ಬೆಳೆಸಬೇಕು.

ಹಂತ 1: ಜಲ್ಲಿ, ಫಿಲ್ಟರ್, ಹೀಟರ್ ಕೂರಿಸಿ ನೀರು ತುಂಬಿಸಿ. ನಲ್ಲಿ ನೀರಾದರೆ ಕ್ಲೋರಿನ್ ನಿವಾರಕ ಹಾಕಿ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹೋಗುತ್ತದೆ, ಆದರೆ ಕೆಲವೆಡೆ ನಲ್ಲಿ ನೀರಿನಲ್ಲಿರುವ ಕ್ಲೋರಮೀನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿ ಆದದ್ದು) ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಹಂತ 2: ಅಮೋನಿಯ ದ್ರಾವಣವನ್ನು 2 ಪಿಪಿಎಂ (ಲೀಟರ್ ನೀರಿಗೆ 2 ಮಿಲಿಗ್ರಾಂ) ಬರುವಷ್ಟು ಬೆರೆಸಿ. ಸುಗಂಧ, ಸಾಬೂನು ಬೆರೆತದ್ದು ಬೇಡ. ಬಾಟಲಿ ಕುಲುಕಿದಾಗ ನೊರೆ ಬಂದು ಹಾಗೆಯೇ ಉಳಿದರೆ ಅದನ್ನು ಬಳಸಲೇಬೇಡಿ.

ಹಂತ 3: ಈಗ ಕಾಯಬೇಕು. ಕೆಡುವುದೆಲ್ಲ ಇಲ್ಲಿಯೇ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಮೊದಲು ಬೆಳೆದು ಅದನ್ನು ನೈಟ್ರೈಟ್ ಎಂಬ ಇನ್ನೊಂದು ವಿಷವಾಗಿಸುತ್ತವೆ. ಪರೀಕ್ಷೆಯಲ್ಲಿ ಅಮೋನಿಯ ಸೊನ್ನೆಗೆ ಇಳಿದದ್ದು ಕಂಡೊಡನೆ ಜನ ಸಂಭ್ರಮದಿಂದ ಮೀನು ತರುತ್ತಾರೆ. ಆಗ ನೈಟ್ರೈಟ್ ತುತ್ತತುದಿಯಲ್ಲಿರುತ್ತದೆ! ಅದು ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನು ಮೇಲ್ಮೈಯಲ್ಲಿ ಬಾಯಿ ತೆರೆದು ಒದ್ದಾಡುತ್ತದೆ. ನೈಟ್ರೈಟನ್ನು ಅಷ್ಟಾಗಿ ಹಾನಿ ಮಾಡದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದರಿಂದ ಈ ಎರಡನೆಯ ಏರಿಳಿತಕ್ಕೆ ಮೊದಲನೆಯದಕ್ಕಿಂತ ಹೆಚ್ಚು ಕಾಲ ಬೇಕು. ಒಟ್ಟು ನಾಲ್ಕರಿಂದ ಆರು ವಾರ ಹಿಡಿಯುವುದು ಸಾಮಾನ್ಯ.

ಅಮೋನಿಯ ಇಳಿದಾಗಲೆಲ್ಲ ಸ್ವಲ್ಪ ಸ್ವಲ್ಪ ಸೇರಿಸುತ್ತಿರಿ. ಫಿಲ್ಟರ್ ಹಗಲು ರಾತ್ರಿ ಓಡಲಿ, ನೀರು ಬೆಚ್ಚಗಿರಲಿ. ಈ ಬ್ಯಾಕ್ಟೀರಿಯಾ ನೀರಿನ ಕ್ಷಾರಗುಣವನ್ನು ತಿನ್ನುತ್ತವೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 6.5ಕ್ಕಿಂತ ಕೆಳಗಿಳಿದರೆ ಕೆಲಸ ಕುಂಟುತ್ತದೆ. ಹಾಗಾದಾಗ ಒಂದಷ್ಟು ನೀರು ಬದಲಿಸಿ. ಬ್ಯಾಕ್ಟೀರಿಯಾ ಬಾಟಲಿಗಳನ್ನು ನಾನು ನಂಬುವುದಿಲ್ಲ. ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಕೊಳಕು ಫಿಲ್ಟರ್ ಸ್ಪಂಜ್ ಸಿಕ್ಕರೆ ಅದರಲ್ಲಿರುವ ಬ್ಯಾಕ್ಟೀರಿಯಾವೇ ಮೇಲು. ಪರೀಕ್ಷೆಗೆ ಹನಿ ಹಾಕುವ ಕಿಟ್ ಕೊಳ್ಳಿ. ನೀರಿನಲ್ಲಿ ಅದ್ದಿ ನೋಡುವ ಅನೇಕ ಪರೀಕ್ಷಾ ಪಟ್ಟಿಗಳಲ್ಲಿ ಅಮೋನಿಯದ ಪರೀಕ್ಷೆಯೇ ಇರುವುದಿಲ್ಲ.

ಹಂತ 4: 2 ಪಿಪಿಎಂ ಅಮೋನಿಯ ಹಾಕಿ 24 ಗಂಟೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾದರೆ ತೊಟ್ಟಿ ಸಿದ್ಧ. ಸೇರಿಕೊಂಡ ನೈಟ್ರೇಟ್ ಇಳಿಯಲು ಬಹುಪಾಲು ನೀರು ಬದಲಿಸಿ, ಮೀನು ತನ್ನಿ.

ಇನ್ನು ಮುಂದೆ ಫಿಲ್ಟರ್ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ. ತಿಂಗಳಿಗೊಮ್ಮೆ ಕಾರ್ಟ್ರಿಜ್ (ಫಿಲ್ಟರ್ ಒಳಗಿನ ಶೋಧಕ ತುಂಡು) ಎಸೆಯಿರಿ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಕೇಳಬೇಡಿ. ಬೆಳೆಸಿದ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಅದರಲ್ಲಿಯೇ.

ಈಗಾಗಲೇ ಮೀನು ಬಿಟ್ಟು ಅಮೋನಿಯ ಏರಿದ್ದರೆ ಆಹಾರ ನಿಲ್ಲಿಸಿ, ಅರ್ಧ ನೀರು ಬದಲಿಸಿ. ಆದರೆ ಬಹುಕಾಲ ನೀರು ಬದಲಿಸದ ಹಳೆಯ ತೊಟ್ಟಿಯಲ್ಲಿ ಹೀಗೆ ಮಾಡಬೇಡಿ. ಅಲ್ಲಿ ನೀರು ಆಮ್ಲೀಯವಾಗಿ, ಅಮೋನಿಯದ ಬಹುಪಾಲು ಅಷ್ಟಾಗಿ ಹಾನಿ ಮಾಡದ ಅಮೋನಿಯಮ್ ರೂಪದಲ್ಲಿರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿಷರೂಪದ ಪಾಲು ಪಿಎಚ್ 7ರಲ್ಲಿ ಸುಮಾರು ಶೇ 0.6, ಪಿಎಚ್ 8ರಲ್ಲಿ ಸುಮಾರು ಶೇ 5. ಒಮ್ಮೆಲೇ ಹೊಸ ನೀರು ಸುರಿದರೆ ಪಿಎಚ್ ಏರಿ, ಅಷ್ಟು ದಿನ ಬದುಕಿದ್ದ ಮೀನುಗಳು ಗಂಟೆಗಳಲ್ಲಿ ಸಾಯಬಹುದು. ದಿನಕ್ಕೆ ಹತ್ತನೇ ಒಂದು ಭಾಗದಷ್ಟು ಮಾತ್ರ ಬದಲಿಸಿ, ಪ್ರತಿ ಸಲವೂ ಪಿಎಚ್ ಮತ್ತು ಅಮೋನಿಯ ಎರಡನ್ನೂ ನೋಡಿ.