ಅಮೆರಿಕದ ಸಣ್ಣ ಕಾಲೇಜಿಗೆ ಹಾಕಿ ಆಡಲು ಹೊರಟಿದ್ದೀರಾ? ಮೊದಲು ಕಾನ್ಫರೆನ್ಸ್ ನೋಡಿ

ಮಗಳು ಪೊನ್ನಂಪೇಟೆ ಟರ್ಫಿನಲ್ಲಿ ಚೆನ್ನಾಗಿ ಆಡುತ್ತಾಳೆ, ಪಿಯುಸಿ ಮುಗಿಯುತ್ತಾ ಬಂತು, ಅಮೆರಿಕದ ಯಾವುದೋ ಊರಿನ ಸಣ್ಣ ಕಾಲೇಜಿನ ಕೋಚ್ ಮೇಲ್ ಕಳಿಸಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಖುಷಿ. ಆಗ ನೋಡುವುದು ಏನು? ಫೀಸು ಎಷ್ಟು, ಹಾಸ್ಟೆಲ್ ಹೇಗಿದೆ, ಚಳಿ ತಡೆಯುತ್ತಾಳಾ, ಹತ್ತಿರದಲ್ಲಿ ನಮ್ಮವರು ಯಾರಾದರೂ ಇದ್ದಾರಾ. ನಾವೂ ಅಷ್ಟೇ ನೋಡಿದ್ದು. ನನ್ನ ಅಕ್ಕನ ಮಗಳು ಎರಡನೇ ವರ್ಷದಲ್ಲಿದ್ದಾಗ ಅವಳ ಕಾಲೇಜು ಡಿವಿಷನ್ ಟು ಬಿಟ್ಟು, ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲದ ಡಿವಿಷನ್ ತ್ರೀಗೆ ಹೋಗುತ್ತೇವೆ ಅಂತ ಹೇಳಿತು. ಅವಳ ಸ್ಕಾಲರ್‌ಶಿಪ್ ನಿಲ್ಲಿಸಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಕೋಚ್ ಬಿಟ್ಟು ಹೋದರು, ಹೊಸ ಹುಡುಗಿಯರು ಬರಲಿಲ್ಲ, ಕೊನೆಯ ವರ್ಷ ಬದಲಿ ಆಟಗಾರ್ತಿಯರು ಇಬ್ಬರೇ ಇದ್ದರು. ಹೀಗಾಗುತ್ತದೆ ಅನ್ನುವ ಲಕ್ಷಣ ಮೊದಲೇ ಕಾಣುತ್ತಿತ್ತು. ಎಲ್ಲಿ ನೋಡಬೇಕು ಅಂತ ನಮಗೆ ಗೊತ್ತಿರಲಿಲ್ಲ ಅಷ್ಟೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾನ್ಫರೆನ್ಸ್ ಅಂದರೆ ಏನು ಅಂತ ಕೊಡಗಿನವರಿಗೆ ಹೇಳುವುದು ಸುಲಭ. 2023ರವರೆಗೆ ನಮ್ಮ ಡಿಗ್ರಿ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಅಂತರ ಕಾಲೇಜು ಪಂದ್ಯ ಅಂದರೆ ಮಂಗಳೂರು, ಉಡುಪಿ ಕಡೆಯ ಕಾಲೇಜುಗಳ ಜೊತೆ ಆಟ. ಆಮೇಲೆ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಬಂತು, ಎದುರಾಳಿಗಳೇ ಬದಲಾದರು. 2025ರಲ್ಲಿ ಸಂಪುಟ ಉಪಸಮಿತಿಯೊಂದು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎತ್ತಿದಾಗ ಅದರಲ್ಲಿ ನಮ್ಮದೂ ಇತ್ತು, ಆಗ ಇಲ್ಲಿ ಎಷ್ಟು ಗಲಾಟೆಯಾಯಿತು ನೆನಪಿದೆ ಅಲ್ವಾ? ಕಾಲೇಜು ಅದೇ, ಮೈದಾನ ಅದೇ, ಆದರೆ ಯಾವ ಗುಂಪಿನಲ್ಲಿದೆ ಅನ್ನುವುದು ಬದಲಾದರೆ ಆಟಗಾರರ ವರ್ಷವೇ ಬದಲಾಗುತ್ತದೆ. ಅಮೆರಿಕದಲ್ಲಿ ಆ ಗುಂಪಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ಒಂದು ವ್ಯತ್ಯಾಸ ಇದೆ. ಅಲ್ಲಿ ಅದನ್ನು ಸರ್ಕಾರ ತೀರ್ಮಾನಿಸುವುದಿಲ್ಲ, ಕಾಲೇಜುಗಳೇ ಸೇರುತ್ತವೆ, ಬಿಡುತ್ತವೆ.

ಕಾನ್ಫರೆನ್ಸಿನ ಮೇಲೆ ಡಿವಿಷನ್ ಇದೆ. ಅಲ್ಲಿ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಅನ್ನುವ ಸಂಸ್ಥೆಯಲ್ಲಿ ಮೂರು ಡಿವಿಷನ್. ಒನ್ ಮತ್ತು ಟು ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡಬಹುದು. ತ್ರೀಯಲ್ಲಿ ಆಟಕ್ಕೆ ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ, ಅಂಕ ನೋಡಿ ಅಥವಾ ಮನೆಯ ಆದಾಯ ನೋಡಿ ಕೊಡಬಹುದು. ಹಾಗಂತ ತ್ರೀ ಅಂದರೆ ಕಳಪೆ ಅಂದುಕೊಳ್ಳಬೇಡಿ. ವರ್ಮಾಂಟಿನ ಮಿಡಲ್‌ಬರಿ ಕಾಲೇಜು ಡಿವಿಷನ್ ತ್ರೀಯಲ್ಲಿದೆ, 2017ರಿಂದ ಈಚೆಗೆ ಹಲವು ಬಾರಿ ಹಾಕಿ ಚಾಂಪಿಯನ್ ಆಗಿದೆ, ಓದಿನಲ್ಲೂ ಬಹಳ ದೊಡ್ಡ ಹೆಸರು. ಅಮೆರಿಕದ ಕಾಲೇಜು ಹಾಕಿ ತಂಡಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದೇ ಡಿವಿಷನ್ ತ್ರೀಯಲ್ಲಿ. ಡಿವಿಷನ್ ಟುನಲ್ಲಿ ತಂಡಗಳು ಕಡಿಮೆ, ಅದಕ್ಕೇ ಅಲ್ಲಿ ಒಂದು ಕಾಲೇಜು ಬಿಟ್ಟು ಹೋದರೂ ಇಡೀ ಲೀಗ್ ಅಲ್ಲಾಡುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಸುಮ್ನೆ ಹಾಕಿ ಅಂದರೆ ಐಸ್ ಹಾಕಿ. ಹುಡುಕುವಾಗ ಫೀಲ್ಡ್ ಹಾಕಿ ಅಂತಲೇ ಟೈಪ್ ಮಾಡಿ. ಮತ್ತೆ ಎನ್‌ಸಿಎಎಯಲ್ಲಿ ಫೀಲ್ಡ್ ಹಾಕಿ ಹೆಣ್ಣುಮಕ್ಕಳಿಗೆ ಮಾತ್ರ. ಗಂಡು ಹುಡುಗರಿಗೆ ಹಾಕಿ ಮೇಲೆ ಅಲ್ಲಿ ದಾರಿ ಇಲ್ಲ. ಟೆನಿಸ್, ಗಾಲ್ಫ್, ಓಟ ಇದ್ದರೆ ನೋಡಬಹುದು, ಕೆಳಗೆ ಬರೆದಿರುವುದೆಲ್ಲ ಅವರಿಗೂ ಹೊಂದುತ್ತದೆ.

ಕಾಲೇಜುಗಳು ಯಾಕೆ ಹೀಗೆ ಗುಂಪು ಬದಲಿಸುತ್ತವೆ ಅಂತ ತಿಳಿದುಕೊಂಡರೆ ಲಕ್ಷಣ ಗುರುತಿಸುವುದು ಸುಲಭ. ಮೊದಲನೆಯದು ದುಡ್ಡು. 2025ರ ಜೂನಿನಲ್ಲಿ ಅಲ್ಲಿನ ಕೋರ್ಟ್ ಒಂದು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು, ಡಿವಿಷನ್ ಒನ್ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಅಂತ. ಅಮೆರಿಕನ್ ಫುಟ್‌ಬಾಲಿನಿಂದ ಕೋಟಿಗಟ್ಟಲೆ ಬರುವವರು ಅದನ್ನು ತಡೆದುಕೊಳ್ಳುತ್ತಾರೆ. ಸಣ್ಣವರಿಗೆ ಕಷ್ಟ. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾಲಯ 2025ರ ಮಾರ್ಚಿನಲ್ಲಿ ಡಿವಿಷನ್ ಒನ್ ಬಿಟ್ಟು ತ್ರೀಗೆ ಹೋಗುವುದಾಗಿ ಹೇಳಿತು. ಅದೇ ತಿಂಗಳು ಅವರ ಪುರುಷರ ಬಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಟೂರ್ನಿ ಆಡಿ ಬಂದಿತ್ತು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ವಿಶ್ವವಿದ್ಯಾಲಯದ್ದೂ ಇದೇ ಕಥೆ, 2021ರ ಮಾರ್ಚಿನಲ್ಲಿ ಅವರ ಪುರುಷರ ತಂಡ ಮೊದಲ ಸಲ ಆ ಟೂರ್ನಿಗೆ ಹೋಯಿತು, ಮೇ ತಿಂಗಳಲ್ಲಿ ಡಿವಿಷನ್ ತ್ರೀಗೆ ಇಳಿಯುವ ತೀರ್ಮಾನ ಆಯಿತು. ಹಾಗಾಗಿ "ತಂಡ ಗೆಲ್ಲುತ್ತಿದೆ, ಅಂದಮೇಲೆ ಭದ್ರವಾಗಿದೆ" ಅನ್ನುವ ಲೆಕ್ಕ ಹಾಕಬೇಡಿ.

ಎರಡನೆಯದು ಓಡಾಟ. ಪೆಸಿಫಿಕ್ ಕರಾವಳಿಯ ಪ್ಯಾಕ್ ಟ್ವೆಲ್ವ್ ಅನ್ನುವ ದೊಡ್ಡ ಕಾನ್ಫರೆನ್ಸಿನಿಂದ 2024ರಲ್ಲಿ ಹನ್ನೆರಡರಲ್ಲಿ ಹತ್ತು ಕಾಲೇಜುಗಳು ಹೊರಟುಹೋದವು. ಸ್ಟ್ಯಾನ್‌ಫರ್ಡ್ ಕ್ಯಾಲಿಫೋರ್ನಿಯಾದಲ್ಲಿದ್ದುಕೊಂಡು ದೇಶದ ಇನ್ನೊಂದು ತುದಿಯ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿತು. ದೊಡ್ಡವರು ವಿಮಾನದಲ್ಲಿ ಹೋಗುತ್ತಾರೆ. ಸಣ್ಣ ಕಾಲೇಜು ಬಸ್ಸಿನಲ್ಲಿ ಹೋಗಬೇಕು, ಅದಕ್ಕೆ ಅವರು ಹತ್ತಿರದವರ ಗುಂಪು ಹುಡುಕುತ್ತಾರೆ. ಇದು ಆಟಗಾರ್ತಿಗೆ ಒಳ್ಳೆಯದೇ. ಪೆನ್ಸಿಲ್ವೇನಿಯಾದ ವಿಲ್ಕ್ಸ್ ಮತ್ತು ಲೈಕಮಿಂಗ್ 2023ರಲ್ಲಿ ಮಿಡ್ಲ್ ಅಟ್ಲಾಂಟಿಕ್ ಬಿಟ್ಟು ಲ್ಯಾಂಡ್‌ಮಾರ್ಕ್ ಕಾನ್ಫರೆನ್ಸಿಗೆ ಸೇರಿದವು, ಡಿವಿಷನ್ ಬದಲಾಗಲಿಲ್ಲ. ಇಂಥ ಬದಲಾವಣೆ ಕಂಡರೆ ಹೆದರುವುದು ಬೇಡ. ಕಾನ್ಫರೆನ್ಸ್ ಬದಲಾವಣೆ ಬೇರೆ, ಡಿವಿಷನ್ ಬದಲಾವಣೆ ಬೇರೆ. ಹಾಗೆಯೇ ಹೆಸರು ಮಾತ್ರ ಬದಲಾಗುವುದೂ ಉಂಟು. ಕಾಮನ್‌ವೆಲ್ತ್ ಕೋಸ್ಟ್ ಅನ್ನುವುದು 2024ರಲ್ಲಿ ಕಾನ್ಫರೆನ್ಸ್ ಆಫ್ ನ್ಯೂ ಇಂಗ್ಲೆಂಡ್ ಆಯಿತು. ಕಲೋನಿಯಲ್ ಸ್ಟೇಟ್ಸ್ ಮತ್ತು ಯುನೈಟೆಡ್ ಈಸ್ಟ್ ಎರಡೂ 2023ರಲ್ಲಿ ಒಂದಾದವು. ಹಳೆಯ ಪುಟ ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ಮೂರನೆಯದೇ ನಿಜವಾಗಿ ಭಯಪಡಬೇಕಾದದ್ದು, ಕಾಲೇಜೇ ಮುಚ್ಚುವುದು. 2008ರ ಆರ್ಥಿಕ ಹೊಡೆತದ ನಂತರ ಅಮೆರಿಕದಲ್ಲಿ ಹುಟ್ಟಿದ ಮಕ್ಕಳೇ ಕಡಿಮೆ, ಆ ಮಕ್ಕಳು ಈಗ ಕಾಲೇಜು ವಯಸ್ಸಿಗೆ ಬರುತ್ತಿದ್ದಾರೆ, ಸೀಟು ತುಂಬುತ್ತಿಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಸದರ್ನ್ ಕಾಲೇಜು 2024ರ ಮೇ 31ಕ್ಕೆ ಮುಚ್ಚಿತು. ಅದೇ ದಿನ ಅವರ ಬೇಸ್‌ಬಾಲ್ ಹುಡುಗರು ಓಹಿಯೊದಲ್ಲಿ ಡಿವಿಷನ್ ತ್ರೀ ಫೈನಲ್ಸ್ ಟೂರ್ನಿ ಆಡುತ್ತಿದ್ದರು. ಅದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು. ಫಿಲಡೆಲ್ಫಿಯಾ ಹತ್ತಿರದ ಕಬ್ರೀನಿ 2024ರಲ್ಲಿ, ಸೌತ್ ಕ್ಯಾರೊಲಿನಾದ ಲೈಮ್‌ಸ್ಟೋನ್ 2025ರಲ್ಲಿ ಮುಚ್ಚಿದವು. ವಿಚಿತ್ರ ಏನೆಂದರೆ ಸೀಟು ತುಂಬದ ಕಾಲೇಜುಗಳೇ ಎಷ್ಟೋ ಸಲ ಹೊಸ ಹೊಸ ತಂಡ ಶುರು ಮಾಡುತ್ತವೆ. ಇಪ್ಪತ್ತು ಆಟಗಾರ್ತಿಯರು ಅಂದರೆ ಇಪ್ಪತ್ತು ಜನ ಫೀಸು ಕಟ್ಟುವವರು. ಹಾಗಾಗಿ "ನಮ್ಮಲ್ಲಿ ಈ ವರ್ಷ ಹೊಸದಾಗಿ ಹಾಕಿ ಶುರು" ಅಂದಾಗ ಖುಷಿಯ ಜೊತೆ ಸ್ವಲ್ಪ ವಿಚಾರವನ್ನೂ ಮಾಡಿ.

ಈಗ ನೋಡುವ ಕ್ರಮಕ್ಕೆ ಬರೋಣ. ಒಂದು ಭಾನುವಾರ ಮಧ್ಯಾಹ್ನ ಸಾಕು.

ಕಾಲೇಜಿನ ಕ್ರೀಡಾ ಪುಟಕ್ಕೆ ಹೋಗಿ ಫೀಲ್ಡ್ ಹಾಕಿ ಅಂತ ಇರುವಲ್ಲಿ ಒತ್ತಿ. ಕಾನ್ಫರೆನ್ಸಿನ ಹೆಸರು ಬರೆದುಕೊಳ್ಳಿ. ಆಮೇಲೆ ಕಾನ್ಫರೆನ್ಸಿನ ಸ್ವಂತ ಪುಟಕ್ಕೆ ಹೋಗಿ ಸದಸ್ಯರ ಪಟ್ಟಿ ನೋಡಿ. ಅಲ್ಲಿ ಎರಡು ಬಗೆ ಇರುತ್ತದೆ, ಪೂರ್ಣ ಸದಸ್ಯರು ಮತ್ತು ಅಸೋಸಿಯೇಟ್ ಅಥವಾ ಅಫಿಲಿಯೇಟ್ ಸದಸ್ಯರು. ಎರಡನೆಯವರು ಒಂದೆರಡು ಆಟಕ್ಕೆ ಮಾತ್ರ ಬಂದು ಸೇರಿಕೊಂಡವರು. ಹಾಕಿ ಆಡುವ ಕಾಲೇಜುಗಳು ಕಡಿಮೆ ಇರುವುದರಿಂದ ನಮ್ಮ ಆಟದಲ್ಲಿ ಇದು ಜಾಸ್ತಿ. ಸ್ಟ್ಯಾನ್‌ಫರ್ಡಿನ ಹಾಕಿ ತಂಡವೇ 2024ಕ್ಕೆ ಮೊದಲು ದೇಶದ ಇನ್ನೊಂದು ತುದಿಯ ಅಮೆರಿಕ ಈಸ್ಟ್ ಅನ್ನುವ ಕಾನ್ಫರೆನ್ಸಿನಲ್ಲಿ ಹೀಗೇ ಆಡುತ್ತಿತ್ತು. ನಿಮ್ಮ ಕಾಲೇಜು ಹಾಕಿಗೆ ಮಾತ್ರ ಅಫಿಲಿಯೇಟ್ ಆಗಿದ್ದರೆ ಕೋಚ್ ಹತ್ತಿರ ಕೇಳಲೇಬೇಕು, ಈ ಒಪ್ಪಂದ ಯಾವ ವರ್ಷದವರೆಗೆ ಇದೆ ಅಂತ.

ಆಮೇಲೆ ಹಾಕಿ ಆಡುವ ಕಾಲೇಜುಗಳು ಎಷ್ಟಿವೆ ಎಣಿಸಿ. ಕಾನ್ಫರೆನ್ಸ್ ಚಾಂಪಿಯನ್‌ಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ ಸಿಗಬೇಕಾದರೆ ಇಷ್ಟು ತಂಡ ಇರಲೇಬೇಕು ಅಂತ ನಿಯಮ ಇದೆ. ಹತ್ತು ಹನ್ನೊಂದು ತಂಡ ಇದ್ದರೆ ಒಬ್ಬರು ಬಿಟ್ಟರೂ ಚಿಂತೆ ಇಲ್ಲ. ಆರು ಏಳು ಇದ್ದರೆ ಒಬ್ಬರು ಹೋದರೆ ಸಾಕು, ಆ ದಾರಿ ಮುಚ್ಚಬಹುದು. ಭದ್ರವಾದ ಗುಂಪು ಹೇಗಿರುತ್ತದೆ ಅಂತ ನೋಡಬೇಕಾದರೆ ನೆಸ್ಕ್ಯಾಕ್ ಅನ್ನುವ ಕಾನ್ಫರೆನ್ಸ್ ನೋಡಿ. 1971ರಲ್ಲಿ ಶುರುವಾಯಿತು, ಹನ್ನೊಂದು ಕಾಲೇಜು, ಹನ್ನೊಂದರಲ್ಲೂ ಹಾಕಿ ತಂಡ, ಸದಸ್ಯರು 1982ರಿಂದ ಬದಲಾಗಿಲ್ಲ. ಮಿಡಲ್‌ಬರಿ ಇರುವುದು ಅಲ್ಲೇ. ಅಲ್ಲಿಗೆ ಸೇರುವುದು ಕಷ್ಟ, ಅಂಕ ಬಹಳ ಬೇಕು, ಆದರೆ ಹೋಲಿಸಿ ನೋಡಲು ಒಳ್ಳೆಯ ಅಳತೆ.

ತಂಡದ ಮೂರು ವರ್ಷದ ಆಟಗಾರ್ತಿಯರ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ರೋಸ್ಟರ್ ಅಂತ ಇರುತ್ತದೆ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಮೊದಲ ವರ್ಷ ಸೇರಿದವರು ಮೂರನೇ ವರ್ಷದ ಪಟ್ಟಿಯಲ್ಲಿ ಇದ್ದಾರಾ? ಒಟ್ಟು ಸಂಖ್ಯೆ ಇಪ್ಪತ್ತನಾಲ್ಕರಿಂದ ಹದಿನೈದಕ್ಕೆ ಬಂದಿದೆಯಾ? ಕೋಚ್ ಹೆಸರು ಪ್ರತಿ ವರ್ಷ ಬೇರೆಯಾ? ಅಕ್ಕನ ಮಗಳ ಕಾಲೇಜಿನಲ್ಲಿ ಅವಳು ಸೇರುವ ಮೊದಲೇ ನಾಲ್ಕು ವರ್ಷಕ್ಕೆ ಮೂವರು ಕೋಚ್ ಬದಲಾಗಿದ್ದರು. ಪಟ್ಟಿ ಅಲ್ಲೇ ಇತ್ತು, ನಾವು ತೆರೆದು ನೋಡಿರಲಿಲ್ಲ. ಹಾಗೆಯೇ ಪಂದ್ಯಗಳ ವೇಳಾಪಟ್ಟಿಯಲ್ಲಿ ದೂರ ನೋಡಿ. ಸೀಸನ್ ಆಗಸ್ಟ್ ಕೊನೆಯಿಂದ ನವೆಂಬರ್. ವಾರದ ಮಧ್ಯದ ಪಂದ್ಯ ಗೋಣಿಕೊಪ್ಪಲಿನಿಂದ ಮೈಸೂರಿಗೆ ಹೋಗಿಬರುವಷ್ಟು ದೂರ ಇದ್ದರೆ ಓದಲು ಆಗುತ್ತದೆ. ಬೆಂಗಳೂರಿಗೆ ಹೋಗಿಬರುವಷ್ಟು ಇದ್ದರೆ ಆಗುವುದಿಲ್ಲ.

ದುಡ್ಡಿನ ಆರೋಗ್ಯ ನೋಡುವುದಕ್ಕೆ ಅಲ್ಲಿನ ಸರ್ಕಾರವೇ ದಾರಿ ಮಾಡಿದೆ. ಖಾಸಗಿ ಕಾಲೇಜುಗಳಿಗೆ ಶಿಕ್ಷಣ ಇಲಾಖೆ ಫೈನಾನ್ಷಿಯಲ್ ಕಾಂಪೋಸಿಟ್ ಸ್ಕೋರ್ ಅಂತ ಒಂದು ಅಂಕ ಕೊಡುತ್ತದೆ, ಮೈನಸ್ 1ರಿಂದ 3ರವರೆಗೆ. 1.5ಕ್ಕಿಂತ ಕೆಳಗಿದ್ದರೆ ಎಚ್ಚರ. ಅಂಕ ಪ್ರಕಟವಾಗುವುದು ತಡವಾಗಿ, ಅದಕ್ಕೆ ಒಂದೇ ವರ್ಷ ನೋಡದೆ ಹಿಂದಿನ ವರ್ಷಗಳದ್ದೂ ನೋಡಿ, ಇಳಿಯುತ್ತಿದೆಯಾ ಏರುತ್ತಿದೆಯಾ ಅಂತ. ಇನ್ನೊಂದು ಈಕ್ವಿಟಿ ಇನ್ ಅಥ್ಲೆಟಿಕ್ಸ್ ಅನ್ನುವ ಸರ್ಕಾರಿ ಜಾಲತಾಣ. ಅಲ್ಲಿ ಕಾಲೇಜಿನ ಹೆಸರು ಹಾಕಿದರೆ ಯಾವ ಆಟಕ್ಕೆ ಎಷ್ಟು ಆಟಗಾರರು, ಎಷ್ಟು ಖರ್ಚು ಅಂತ ಬರುತ್ತದೆ. ಹಾಕಿ ತಂಡದ ಖರ್ಚು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ನಿಮಗೇ ಅರ್ಥವಾಗುತ್ತದೆ. ಕೊನೆಗೆ ಕಾಲೇಜಿನ ಹೆಸರಿನ ಜೊತೆ ರೀಕ್ಲಾಸಿಫಿಕೇಶನ್ (ಡಿವಿಷನ್ ಬದಲಾವಣೆ), ಮರ್ಜರ್ (ವಿಲೀನ), ಲೇಆಫ್ (ಕೆಲಸದಿಂದ ತೆಗೆಯುವುದು) ಅನ್ನುವ ಪದಗಳನ್ನು ಇಂಗ್ಲಿಷಿನಲ್ಲಿ ಒಂದೊಂದಾಗಿ ಹಾಕಿ ಸುದ್ದಿ ಹುಡುಕಿ. ಊರಿನ ಸಣ್ಣ ಪತ್ರಿಕೆಗಳಲ್ಲಿ ಮೊದಲು ಬರುತ್ತದೆ.

ಡಿವಿಷನ್ ಬದಲಿಸುವುದು ಒಂದೇ ದಿನದಲ್ಲಿ ಆಗುವುದಿಲ್ಲ, ಮೂರು ನಾಲ್ಕು ವರ್ಷ ಹಿಡಿಯುತ್ತದೆ, ಆ ನಡುವೆ ರಾಷ್ಟ್ರೀಯ ಟೂರ್ನಿಗೆ ಅವಕಾಶ ಇಲ್ಲದೇ ಇರಬಹುದು. ನಿಮ್ಮ ಮಗಳ ಇಡೀ ಡಿಗ್ರಿ ಅದರಲ್ಲೇ ಮುಗಿದುಹೋಗಬಹುದು. ಹಾಗಾಗಿ ಕೋಚ್ ವಿಡಿಯೊ ಕಾಲ್ ಮಾಡಿದಾಗ ನಾಚಿಕೊಳ್ಳದೆ ಕೇಳಿ. ಮುಂದಿನ ನಾಲ್ಕು ವರ್ಷದಲ್ಲಿ ಡಿವಿಷನ್ ಬದಲಿಸುವ ಮಾತು ನಡೆದಿದೆಯಾ? ತಂಡ ನಿಂತರೆ ಸ್ಕಾಲರ್‌ಶಿಪ್ ಉಳಿಯುತ್ತದಾ? ಅದು ಒಂದು ವರ್ಷದ್ದಾ, ನಾಲ್ಕು ವರ್ಷದ್ದಾ? ನಮ್ಮ ಮಕ್ಕಳು ಕೋಚ್ ಮುಂದೆ ತಲೆಬಗ್ಗಿಸಿ ಸರಿ ಸರಿ ಅನ್ನುತ್ತಾರೆ, ಹಾಗೆ ಬೆಳೆಸಿದ್ದೇವೆ. ಅಲ್ಲಿನವರು ಪ್ರಶ್ನೆಯನ್ನು ತಪ್ಪು ತಿಳಿಯುವುದಿಲ್ಲ. ಉತ್ತರ ಕಾಗದದಲ್ಲಿ ಇರಲಿ. ಹಳೆಯ ವಿಡಿಯೊಗಳಲ್ಲಿ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಅಂತ ಹೇಳುತ್ತಾರೆ, ಇದೇ ಕಾಲೇಜಿಗೆ ಬರುತ್ತೇನೆ ಅಂತ ಸಹಿ ಹಾಕುತ್ತಿದ್ದ ಕಾಗದ. ಅದನ್ನು 2024ರ ಅಕ್ಟೋಬರಿನಲ್ಲಿ ತೆಗೆದುಹಾಕಿದರು. ಈಗ ಸಹಿ ಹಾಕುವುದು ಕಾಲೇಜಿನ ಆರ್ಥಿಕ ನೆರವಿನ ಒಪ್ಪಂದಕ್ಕೆ. ಸಾಲು ಸಾಲು ಓದಿ ಸಹಿ ಹಾಕಿ.

ಮಗಳು ಯಾವುದಾದರೂ ಲೀಗ್ ಆಡಿ ದುಡ್ಡು ತೆಗೆದುಕೊಂಡಿದ್ದರೆ ಅದನ್ನೂ ಆಗಲೇ ಹೇಳಿಬಿಡಿ, ಮುಚ್ಚಿಡಬೇಡಿ. ವಿದೇಶದಿಂದ ಬರುವವರು ಹವ್ಯಾಸಿ ಆಟಗಾರರು ಹೌದಾ ಅಂತ ಎನ್‌ಸಿಎಎ ಪರಿಶೀಲಿಸುತ್ತದೆ. ಪಿಯುಸಿ ಆದಮೇಲೆ ಒಂದೆರಡು ವರ್ಷ ಬಿಟ್ಟು ಹೋಗುವವರೂ ಮೊದಲೇ ಕೇಳಿಕೊಳ್ಳಿ, ಆ ವರ್ಷಗಳಲ್ಲಿ ಆಡಿದ ಟೂರ್ನಿಗಳು ಲೆಕ್ಕಕ್ಕೆ ಬರಬಹುದು. ವಿಡಿಯೊ ಕಳಿಸುವಾಗ ಕೌಟುಂಬಿಕ ಹಾಕಿಯದ್ದು ಬೇಡ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಆ ಹಬ್ಬ ನಮಗೆ ದೊಡ್ಡದು, 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಬೆಳೆದು ನಿಂತಿದೆ, ಆದರೆ ಅದನ್ನು ನೋಡಿ ಆ ಕೋಚ್‌ಗೆ ಅಳೆಯಲು ಬರುವುದಿಲ್ಲ. ಟರ್ಫಿನ ಮೇಲೆ ಅವಳ ವಯಸ್ಸಿನವರ ಜೊತೆ ಆಡಿದ ಪೂರ್ತಿ ಪಂದ್ಯ ಕಳಿಸಿ.

ಇಷ್ಟೆಲ್ಲ ನೋಡಿಯೂ ಸೇರಿದಮೇಲೆ ಏನಾದರೂ ಆದರೆ? ತಂಡ ಮಾತ್ರ ನಿಂತರೆ ವೀಸಾಗೆ ತೊಂದರೆ ಇಲ್ಲ, ಓದು ಮುಂದುವರಿಸಬಹುದು. ಕಾಲೇಜೇ ಮುಚ್ಚಿದರೆ ಕಾಯಬಾರದು. ಎಫ್ ಒನ್ ಅನ್ನುವ ವಿದ್ಯಾರ್ಥಿ ವೀಸಾದವರ ದಾಖಲೆಯನ್ನು ಇನ್ನೊಂದು ಮಾನ್ಯತೆ ಇರುವ ಕಾಲೇಜಿಗೆ ವರ್ಗ ಮಾಡಿಸಬೇಕು, ವೀಸಾಗೆ ಕಾಲೇಜು ಕೊಡುವ ಐ ಟ್ವೆಂಟಿ ಅನ್ನುವ ಪತ್ರ ಹೊಸದಾಗಿ ಬೇಕು. ಹಳೆಯ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿ ಬಾಗಿಲು ತೆರೆದಿರುವಾಗಲೇ ಅದನ್ನು ಮಾಡಿಸಿಕೊಳ್ಳಿ, ಅಂಕಪಟ್ಟಿಯನ್ನೂ ತೆಗೆದಿಟ್ಟುಕೊಳ್ಳಿ. ಟೀಚ್ ಔಟ್ ಅಂತ ಒಂದು ವ್ಯವಸ್ಥೆ ಇರುತ್ತದೆ, ಮುಚ್ಚುವ ಕಾಲೇಜಿನ ವಿದ್ಯಾರ್ಥಿಗಳನ್ನು ಬೇರೆ ಕಾಲೇಜುಗಳು ಕ್ರೆಡಿಟ್ ಸಮೇತ ತೆಗೆದುಕೊಳ್ಳುವುದು. ಆ ಪಟ್ಟಿಯಲ್ಲಿ ಹಾಕಿ ತಂಡ ಇರುವ ಕಾಲೇಜು ಯಾವುದು ಅಂತ ನೋಡಿ ಅಲ್ಲಿನ ಕೋಚ್‌ಗೆ ಅವತ್ತೇ ಬರೆಯಿರಿ.

ಕೋಚ್ ಕಾಲ್ ಮಾಡುವ ಹೊತ್ತು ಗೊತ್ತಿರಲಿ. ಹಾಕಿ ಕಾಲೇಜುಗಳು ಹೆಚ್ಚಾಗಿ ಪೂರ್ವ ಕರಾವಳಿಯಲ್ಲಿವೆ, ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ ಹತ್ತು ಅಂದರೆ ನಮಗೆ ಸಂಜೆ ಏಳೂವರೆ. ಜೂನ್ ಜುಲೈಯಲ್ಲಿ ಆ ಹೊತ್ತಿಗೆ ಇಲ್ಲಿ ಕರೆಂಟು ಇರುತ್ತದೆ ಅಂತ ನಂಬುವ ಹಾಗಿಲ್ಲ. ಫೋನ್ ಪೂರ್ತಿ ಚಾರ್ಜ್ ಮಾಡಿ, ಸಿಗ್ನಲ್ ಸರಿಯಾಗಿ ಸಿಗುವ ಕಡೆ ಹೋಗಿ ಕುಳಿತುಕೊಳ್ಳಿ, ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ.