ಆಷಾಢದಲ್ಲಿ ಹನ್ನೆರಡು ಬೆಡ್‌ಶೀಟ್

ಮಲ್ಪೆಯಿಂದ ತುಸು ಒಳಗೆ, ಕೊಡವೂರಿನ ಕಡೆ ನಮ್ಮದೊಂದು ಹಂಚಿನ ಮನೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಪಡುವಣ ಬದಿಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡಲು ಶುರು ಮಾಡಿ ಆರು ವರ್ಷವಾಯಿತು. ಹೊಸತರಲ್ಲಿ ನಾನು ಹೆದರಿದ್ದು ಅಡುಗೆಗೆ, ಅಪರಿಚಿತರಿಗೆ, ಬಾವಿಕಟ್ಟೆಯ ಹತ್ತಿರ ಓಡಾಡುವ ಮಕ್ಕಳಿಗೆ. ಅವು ಯಾವುವೂ ಅಷ್ಟು ಕಾಡಲಿಲ್ಲ. ಕಾಡಿದ್ದು ಒದ್ದೆ ಬಟ್ಟೆ.

ಕೋಣೆಗೊಂದು ಜೋಡಿ ಮಂಚ, ಒಂದು ಒಂಟಿ ಮಂಚ. ಅತಿಥಿಗಳು ಒಮ್ಮೆ ಬದಲಾದರೆ ನಾಲ್ಕು ಬೆಡ್‌ಶೀಟ್, ನಾಲ್ಕು ಹೊದಿಕೆ, ಆರು ದಿಂಬಿನ ಕವರ್, ಮೈ ಒರೆಸುವ ಆರು ಬೈರಾಸು. ಹನ್ನೊಂದಕ್ಕೆ ಒಬ್ಬರು ಹೊರಡುತ್ತಾರೆ, ಒಂದಕ್ಕೆ ಇನ್ನೊಬ್ಬರು ಗೇಟಿನ ಹತ್ತಿರ ಕಾರು ನಿಲ್ಲಿಸುತ್ತಾರೆ. ಮಂಚದ ಮೇಲೊಂದು, ಹಗ್ಗದ ಮೇಲೊಂದು, ಕಪಾಟಿನಲ್ಲೊಂದು ಎಂದು ಮೂರು ಸೆಟ್ ಇಟ್ಟುಕೊಂಡೆ. ಬೇಸಿಗೆಯಲ್ಲಿ ಈ ಲೆಕ್ಕ ಚೆನ್ನಾಗಿಯೇ ನಡೆಯುತ್ತದೆ. ಜೂನ್ ತಿಂಗಳಲ್ಲಿ ಹಗ್ಗದ ಮೇಲಿದ್ದದ್ದು ನಾಲ್ಕು ದಿನವಾದರೂ ಹಗ್ಗದ ಮೇಲೆಯೇ ಇರುತ್ತದೆ. ಐದನೆಯ ದಿನ ಮುಗ್ಗುಲು ವಾಸನೆ, ಆಮೇಲೆ ಬೂಸಲಿನ ಕರಿ ಚುಕ್ಕೆ. ಆ ಚುಕ್ಕೆ ಬಂತೆಂದರೆ ಬಟ್ಟೆ ಅತಿಥಿಗಳ ಪಾಲಿಗೆ ಮುಗಿಯಿತು, ನೆಲ ಒರೆಸುವುದಕ್ಕೆ ಸೈ.

ಮೊದಲ ಮಳೆಗಾಲದಲ್ಲಿ ಅತ್ತೆಯ ಮಾತು ಕೇಳಿ ಬಚ್ಚಲುಮನೆಯ ಹಂಡೆಯ ಒಲೆಯ ಮೇಲೆ ಹಗ್ಗ ಕಟ್ಟಿದೆ. ಅವರ ಕಾಲದಲ್ಲಿ ಬಾಣಂತಿಯ ಬಟ್ಟೆ, ಮಗುವಿನ ಬಟ್ಟೆ ಎಲ್ಲ ಒಣಗುತ್ತಿದ್ದದ್ದು ಅಲ್ಲಿಯೇ. ತೆಂಗಿನ ಸಿಪ್ಪೆಯ ಉರಿಗೆ ಬೆಡ್‌ಶೀಟ್ ಒಂದೇ ರಾತ್ರಿಯಲ್ಲಿ ಒಣಗಿತು. ಬೆಳಿಗ್ಗೆ ಅತಿಥಿಯೊಬ್ಬರು ಬಂದು, "ಅಮ್ಮಾ, ರಾತ್ರಿ ಎಲ್ಲಿಯೋ ಏನೋ ಸುಡುತ್ತಿತ್ತು, ನಾನು ಎರಡು ಸಲ ಎದ್ದು ನೋಡಿದೆ" ಎಂದರು. ಸುಡುತ್ತಿದ್ದ ವಾಸನೆ ಅವರ ದಿಂಬಿನದೇ. ನಾನು ಹೇಳಲಿಲ್ಲ.

ಬಳಿಕ ಪೇಟೆಯ ಲಾಂಡ್ರಿಗೆ ಕೊಟ್ಟು ನೋಡಿದೆ. ಎರಡು ಕವರ್ ಕಡಿಮೆ ಬಂದವು, ಯಾರದೋ ಒಂದು ಬೈರಾಸು ಹೆಚ್ಚು ಬಂತು. ಡ್ರೈಯರ್ ಕೊಂಡೆ. ಬೆಡ್‌ಶೀಟ್ ಅದರೊಳಗೆ ಉಂಡೆಯಾಗಿ, ದಿಂಬಿನ ಕವರುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತದೆ. ಹೊರಗೆ ಬಿಸಿ, ನಡುವೆ ಒದ್ದೆ. ಗಾಳಿಮಳೆಯ ದಿನ ಕರೆಂಟ್ ಹೋದರೆ ಅದೂ ಇಲ್ಲ. ಎಣ್ಣೆ ಮಸಾಜ್ ಮಾಡಿಸಿಕೊಂಡು ಬಂದವರ ಬೈರಾಸನ್ನಂತೂ ಡ್ರೈಯರಿಗೆ ಹಾಕಲೇಬಾರದು. ಎಣ್ಣೆ ಉಳಿದ ಬಟ್ಟೆಯನ್ನು ಬಿಸಿಬಿಸಿಯಾಗಿ ರಾಶಿ ಹಾಕಿದರೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳುವುದುಂಟು.

ಕೊನೆಗೆ ದಾರಿ ಸಿಕ್ಕಿದ್ದು ಕಾಯಿಸುವುದರಲ್ಲಿ ಅಲ್ಲ, ಹಿಂಡುವುದರಲ್ಲಿ. ಮೆಷಿನ್ನಿನಲ್ಲಿ ಕೊನೆಯ ಸುತ್ತನ್ನು ಅತಿ ವೇಗಕ್ಕೆ ಇಟ್ಟು ಎರಡು ಸಲ ಓಡಿಸುತ್ತೇನೆ. ಹಿಂಡಿ ತೆಗೆಯುವ ನೀರಿಗೆ ತಗಲುವ ಕರೆಂಟ್, ಕಾಯಿಸಿ ಆರಿಸುವ ನೀರಿಗೆ ಬೇಕಾದ ಕರೆಂಟಿನ ಎದುರು ಏನೇನೂ ಅಲ್ಲ. ಆಮೇಲೆ ಅಟ್ಟದ ಕೋಣೆಯಲ್ಲಿ ಹಗ್ಗ, ಫ್ಯಾನು, ಗಾಳಿಯ ತೇವ ಹೀರುವ ಒಂದು ಯಂತ್ರ. ಕಿಟಕಿ ಮುಚ್ಚಿರಬೇಕು, ತೆರೆದಿಟ್ಟರೆ ಅರಬ್ಬೀ ಸಮುದ್ರವನ್ನೇ ಒಣಗಿಸಲು ಹೊರಟಂತೆ. ಯಂತ್ರದ ತೊಟ್ಟಿಯಿಂದ ದಿನಕ್ಕೆರಡು ಸಲ ನೀರು ಚೆಲ್ಲುವಾಗ ಸಿಗುವ ತೃಪ್ತಿಯನ್ನು ಬಿಲ್ಲು ಬಂದಾಗ ಮರೆಯುತ್ತೇನೆ.

ದಪ್ಪ ಟರ್ಕಿ ಟವೆಲುಗಳನ್ನು ಬಿಟ್ಟೇಬಿಟ್ಟೆ. ಈಗ ಕೊಡುವುದು ನಮ್ಮೂರಿನ ತೆಳು ಬೈರಾಸು, ತಲೆಗೊಂದು, ಮೈಗೊಂದು. ಬಟ್ಟೆಯ ಲೆಕ್ಕ ಆರರಿಂದ ಹನ್ನೆರಡಕ್ಕೆ ಏರಿತು, ಒಣಗುವ ಹೊತ್ತು ಅರ್ಧಕ್ಕೆ ಇಳಿಯಿತು. "ಇದು ಅಡುಗೆಮನೆಯ ಬಟ್ಟೆಯಲ್ಲವೇ?" ಎಂದು ಕೇಳಿದವರಿದ್ದಾರೆ. ಹೊರಡುವಾಗ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದವರೂ ಇದ್ದಾರೆ.

ಕಲೆಗಳದ್ದು ಬೇರೆಯೇ ಪಾಠ. ನಮ್ಮ ಬೋರ್‌ವೆಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶವಿದೆ. ತೆಗೆದಾಗ ತಿಳಿ, ಬಕೆಟಿನಲ್ಲಿ ಸಂಜೆಯವರೆಗೆ ಇಟ್ಟರೆ ಕೆಂಪು. ಬಿಳಿ ಬೆಡ್‌ಶೀಟ್ ಹಳದಿಯಾಯಿತೆಂದು ಬ್ಲೀಚ್ ಹಾಕಿದೆ, ಇನ್ನಷ್ಟು ಹಳದಿಯಾಯಿತು. ಮತ್ತೆ ಹಾಕಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಒಂದು ವರ್ಷ ಕಳೆದ ಮೇಲೆ ತಿಳಿಯಿತು, ಬ್ಲೀಚ್ ಆ ಕಬ್ಬಿಣವನ್ನು ತುಕ್ಕಾಗಿಸಿ ಬಟ್ಟೆಗೆ ಅಂಟಿಸುತ್ತಿತ್ತು ಎಂದು. ತುಕ್ಕಿಗೆ ಬೇಕಾದದ್ದು ಹುಳಿ: ನಿಂಬೆರಸ, ಉಪ್ಪು, ಬಿಸಿಲು. ಈಗ ಮಾಡಿನ ನೀರನ್ನು ಜಾಲರಿ ಕಟ್ಟಿದ ಡ್ರಮ್ಮಿಗೆ ಹಿಡಿದು ಬಿಳಿ ಬಟ್ಟೆಯನ್ನು ಅದರಲ್ಲಿಯೇ ಒಗೆಯುತ್ತೇನೆ. ಮಳೆನೀರಿನಲ್ಲಿ ಅರ್ಧ ಸೋಪಿಗೇ ನೊರೆ ಬರುತ್ತದೆ. ಒಗೆಯುವುದಕ್ಕೆ ಮಳೆಗಾಲದಂಥ ಕಾಲವಿಲ್ಲ, ಒಣಗಿಸುವುದಕ್ಕೆ ಅದರಷ್ಟು ಕೆಟ್ಟ ಕಾಲವಿಲ್ಲ.

ತಲೆಯ ತೆಂಗಿನೆಣ್ಣೆ ದಿಂಬಿಗೆ ಹತ್ತಿದರೆ, ನೀರು ತಾಗಿಸುವ ಮೊದಲೇ ಪಾತ್ರೆ ತೊಳೆಯುವ ದ್ರವವನ್ನು ಉಜ್ಜಿ ಅರ್ಧ ಗಂಟೆ ಬಿಡಬೇಕು. ಅರಿಶಿನಕ್ಕೆ ಸೋಪು ತಾಗಿದೊಡನೆ ಕೆಂಪಾಗುತ್ತದೆ, ಗಾಬರಿಯಾಗಬಾರದು. ಅದಕ್ಕೆ ಬಿಸಿಲೇ ಮದ್ದು. ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಪರ್ಯಾಯ ಉತ್ಸವಕ್ಕೆಂದು 2024ರ ಜನವರಿ 18ಕ್ಕೆ ಬಂದವರು ರಾತ್ರಿಯೆಲ್ಲ ಮೆರವಣಿಗೆ ನೋಡಿ, ಬೆಳಕು ಹರಿದ ಮೇಲೆ ಹಣೆಯ ಕುಂಕುಮ ಸಮೇತ ಮುಖ ಅಡಿಯಾಗಿ ಮಲಗಿದ್ದರು. ಆ ಕವರುಗಳು ಇನ್ನೂ ಗುಲಾಬಿ ಬಣ್ಣದವೇ. ಮದುವೆಗೆ ಬರುವವರಿಗಂತೂ ಮದರಂಗಿಯ ರಾತ್ರಿಗೆಂದೇ ಕಡು ಕಂದು ಬಣ್ಣದ ಒಂದು ಸೆಟ್ ತೆಗೆದಿಟ್ಟಿದ್ದೇನೆ. ಬಿಳಿಯ ಮೇಲೆ ಮದರಂಗಿ ಬಿದ್ದರೆ ದಂಪತಿಯ ಸಂಬಂಧಕ್ಕಿಂತ ಗಟ್ಟಿ.

ಅತಿಥಿಗಳ ಸ್ವಂತ ಬಟ್ಟೆಯನ್ನು ನಾನು ಮೊದಲು ಯೋಚಿಸಿಯೇ ಇರಲಿಲ್ಲ. ಸಮುದ್ರದಿಂದ ಬಂದವರು ಉಪ್ಪುನೀರಿನ ಚಡ್ಡಿಯನ್ನು ಮಾವನ ಕಾಲದ ಬೀಟೆ ಕುರ್ಚಿಯ ಬೆನ್ನಿಗೆ ಹಾಕಿದರು, ಬಿಳಿ ಕಲೆ ಬಿತ್ತು. ಇನ್ನೊಂದು ಕುಟುಂಬ ಕೇಳದೆ ಮೆಷಿನ್ ಹಾಕಿಕೊಂಡಿತು. ಅದು ಕೆಟ್ಟು ಬಿಚ್ಚಿಸಿದಾಗ ಬೊಗಸೆ ಮರಳು, ಎರಡು ಮರುವಾಯಿ (ತಿನ್ನುವ ಚಿಪ್ಪುಮೀನು) ಚಿಪ್ಪು. ರಿಪೇರಿಗೆ ಬಂದವನು, "ಅಕ್ಕಾ, ಗಸಿ ಮಾಡುವಷ್ಟಿಲ್ಲ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಆ ವಾರವೇ ಹಿತ್ತಲಲ್ಲಿ ನಲ್ಲಿ, ಎರಡು ಬಕೆಟ್, ಮಾಡಿನ ಕೆಳಗೊಂದು ಹಗ್ಗ, ಡಬ್ಬಿ ತುಂಬ ಕ್ಲಿಪ್ ಇಟ್ಟೆ. ಗೋಡೆಗೆ ಅಂಟಿಸಿದ್ದ ಹತ್ತು ನಿಯಮಗಳ ಹಾಳೆ ಮಾಡದಿದ್ದ ಕೆಲಸವನ್ನು ಆ ಹಗ್ಗ ಮಾಡಿತು.

ಉಳಿದ ವಿಚಿತ್ರಗಳು ಚಿಲ್ಲರೆ. ರಾತ್ರಿ ಎರಡಕ್ಕೆ ಫೋನ್ ಮಾಡಿ ಪಕ್ಕದ ಗದ್ದೆಯ ಚೆಂಡೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಕೇಳುತ್ತಾರೆ; ಯಕ್ಷಗಾನದ ಆಟ ಬೆಳಗಿನವರೆಗೆ, ಹೋಗಿ ನೋಡಿ ಎನ್ನುತ್ತೇನೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ ಒಂದರಿಂದ 61 ದಿನಗಳಲ್ಲಿ ಬರುವವರು, ಸಮುದ್ರ ಇಲ್ಲೇ ಇದ್ದೂ ಬೇಕಾದ ಮೀನು ಏಕಿಲ್ಲ ಎಂದು ಮುನಿಸಿಕೊಳ್ಳುತ್ತಾರೆ. ಚಾರ್ಜರ್ ಮರೆಯುವವರು ಸರಿ, ಒಬ್ಬರು ಹಲ್ಲಿನ ಸೆಟ್ಟನ್ನೇ ಮರೆತು ಕುಂದಾಪುರದಿಂದ ಹಿಂದಿರುಗಿದ್ದರು.

ತುಳುನಾಡಿನಲ್ಲಿ ಯಕ್ಷಗಾನ, ಕೋಲಗಳ ಋತು ಮುಗಿಯುವ ಪತ್ತನಾಜೆ ಬರುವುದರೊಳಗೆ, ಅಂದರೆ ಮೇ 24ರ ಆಸುಪಾಸಿಗೆ, ಪರದೆ, ಕಂಬಳಿ, ಹಾಸಿಗೆಯ ಕವರುಗಳನ್ನೆಲ್ಲ ಒಗೆದು ಕಟ್ಟಿಡುತ್ತೇನೆ. ಗೆಜ್ಜೆ ಬಿಚ್ಚುವ ದಿನ ನನಗೂ ಗಡುವು. ಅಲ್ಲಿಂದ ಸೆಪ್ಟೆಂಬರ್ ತನಕ ಎರಡು ಬುಕಿಂಗಿನ ನಡುವೆ ಒಂದು ದಿನ ಖಾಲಿ. ಮಗ ಫೋನಿನಲ್ಲಿ ಆ ಖಾಲಿ ದಿನಗಳ ನಷ್ಟವನ್ನು ಲೆಕ್ಕ ಹಾಕಿ ಹೇಳುತ್ತಾನೆ. ಒಣಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಮಾತ್ರ ಅತ್ತೆ. ಕೈಗೆ ಮೋಸವಾಗುತ್ತದೆ, ಕೆನ್ನೆಗೆ ಆಗುವುದಿಲ್ಲ ಎಂದು ಮಡಿಸಿದ ಬಟ್ಟೆಯನ್ನು ಮುಖಕ್ಕೆ ಒತ್ತಿ ನೋಡುತ್ತಾರೆ. ಇಂದು ಬೆಳಿಗ್ಗೆ ನಾಲ್ಕು ಬೆಡ್‌ಶೀಟುಗಳಲ್ಲಿ ಮೂರನ್ನು ಕಪಾಟಿಗೆ ಕಳಿಸಿ, ನಾಲ್ಕನೆಯದನ್ನು ಮತ್ತೆ ನನ್ನ ಕೈಗಿತ್ತರು: "ಇದು ಇನ್ನೂ ಒಂದು ಗಂಟೆ ಇರಲಿ."